ಭಿನ್ನರಾಶಿಯ ಗೆರೆ ಮಾಯ, ಸೂತ್ರದ ಪಕ್ಕ ಇಲ್ಲದ ಗೆರೆ: ಗಣಿತದ ಪುಟ ಸ್ಕ್ರೀನ್ ಮೇಲೆ ಯಾಕೆ ಹೀಗೆ ಕೆಡುತ್ತೆ?

ಗಣಿತ ಟೀಚರ್, ಹಾಸನ
ಭಾನುವಾರ, ರಾತ್ರಿ 9:40

ನಮಸ್ಕಾರ. ಹಾಸನದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡ್ತೀನಿ. ಈ ವಾರ ನಡೆದ ಒಂದು ಸಂಗತಿ ಮನಸ್ಸಿಗೆ ತುಂಬಾ ಕಸಿವಿಸಿ ಮಾಡಿದೆ. ಕಾರಣ ಗೊತ್ತಿದ್ದವರು ದಯವಿಟ್ಟು ಹೇಳಿ.

ನನ್ನ ಹಳೇ ವಿದ್ಯಾರ್ಥಿಯೊಬ್ಬ 2014ರಲ್ಲಿ ಪ್ರಶ್ನೆ ಹಾಕೋಕೆ ಅಂತ ಒಂದು ವೆಬ್ ಪುಟ ಮಾಡಿಕೊಟ್ಟಿದ್ದ. ಲೇಟೆಕ್ ಅನ್ನೋ ಗಣಿತದ ಟೈಪಿಂಗ್ ಕ್ರಮದಲ್ಲಿ ಸೂತ್ರ ಟೈಪ್ ಮಾಡಿದರೆ ಪುಸ್ತಕದಲ್ಲಿ ಅಚ್ಚಾದ ಹಾಗೇ ಮೂಡುತ್ತೆ. ಇಷ್ಟು ವರ್ಷ ಏನೂ ತೊಂದರೆ ಇರಲಿಲ್ಲ. ಈ ಸಲ ರಿವಿಷನ್ ಟೆಸ್ಟನ್ನು ಅದರಲ್ಲೇ ಕೊಟ್ಟೆ. ಪ್ರಶ್ನೆ ಸ್ಕ್ರೀನ್ ಮೇಲೆ, ಉತ್ತರ ಹಾಳೆಯಲ್ಲಿ. ಅರ್ಧ ಮಕ್ಕಳು ಲ್ಯಾಬ್‌ನಲ್ಲಿ ಕೂತು ಬರೆದರು. ಸಕಲೇಶಪುರ, ಆಲೂರು ಕಡೆಯವರು ಮಳೆಗೆ ಬರೋಕಾಗದೆ ಮನೆಯಲ್ಲೇ ಮೊಬೈಲ್ ನೋಡಿ ಬರೆದರು.

ಪೇಪರ್ ತಿದ್ದೋಕೆ ಕೂತರೆ, ಲ್ಯಾಬ್‌ನಲ್ಲಿ ಕೂತವರಲ್ಲಿ ಸುಮಾರು ಜನ "ಎಕ್ಸ್‌ನ ಬೆಲೆ 5 ಆದಾಗ" ಅನ್ನೋ ಪ್ರಶ್ನೆಗೆ 51 ಹಾಕಿ ಲೆಕ್ಕ ಮಾಡಿದ್ದಾರೆ. ಒಬ್ಬರದ್ದೊಬ್ಬರು ನೋಡಿ ಬರೆದಿದ್ದಾರೆ ಅಂದುಕೊಂಡು ಕ್ಲಾಸಿನಲ್ಲಿ ಬೈದೂಬಿಟ್ಟೆ. ಆಮೇಲೆ ಲ್ಯಾಬ್‌ಗೆ ಹೋಗಿ ಪುಟ ತೆಗೆದು ನೋಡಿದರೆ, 5ರ ಬಲಗಡೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಗೆರೆ ನೆಟ್ಟಗೆ ನಿಂತಿದೆ! ಯಾರು ನೋಡಿದರೂ 51 ಅಂತಲೇ ಓದಬೇಕು. ಆ ಗೆರೆ ನಾನು ಹಾಕಿದ್ದಲ್ಲ. ಪುಟದಲ್ಲಿರೋ ಪ್ರತಿ ಸೂತ್ರದ ತುದಿಗೂ ಅದು ಬಂದಿದೆ.

ಮೊಬೈಲ್‌ನವರ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಇರಬೇಕಾದ ಗೆರೆಯೇ ಇಲ್ಲ. ಆವರಣದ ಒಳಗೆ ಎರಡನೇ ಐದು, ಅದರ ವರ್ಗ ಅಂತ ಕೊಟ್ಟಿದ್ದೆ. ಅಂಶ 5, ಛೇದ 2. ಒಬ್ಬ ಹುಡುಗಿ ಉತ್ತರ 100 ಅಂತ ಬರೆದಿದ್ದಾಳೆ. ಚುರುಕು ಹುಡುಗಿ, ಇಂಥ ತಪ್ಪು ಮಾಡೋಳಲ್ಲ. ಫೋನ್ ಮಾಡಿ ಕೇಳಿದೆ. "ಮಿಸ್, ನಡುವೆ ಗೆರೆ ಇರಲಿಲ್ಲ. ಮೇಲೆ 5, ಕೆಳಗೆ 2, ಸುತ್ತ ಆವರಣ. ನೀವೇ ದ್ವಿಪದ ಪ್ರಮೇಯದಲ್ಲಿ ಹೀಗೂ ಬರೀತಾರೆ ಅಂತ ಹೇಳಿಕೊಟ್ಟಿದ್ರಲ್ಲ" ಅಂದಳು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಗೆರೆ ಇದ್ದರೆ ಎರಡೂವರೆ, ವರ್ಗ ಮಾಡಿದರೆ 6.25. ಗೆರೆ ಇಲ್ಲದಿದ್ದರೆ ಐದರಲ್ಲಿ ಎರಡನ್ನು ಆರಿಸೋ ವಿಕಲ್ಪ, ಅಂದರೆ 10, ಅದರ ವರ್ಗ 100. ಅವಳ ಸ್ಕ್ರೀನ್ ತೋರಿಸಿದ ಪ್ರಶ್ನೆಗೆ ಅವಳು ಸರಿಯಾದ ಉತ್ತರವನ್ನೇ ಬರೆದಿದ್ದಾಳೆ.

ನಮ್ಮ ಮನೆ ಲ್ಯಾಪ್‌ಟಾಪ್‌ನಲ್ಲಿ ಎರಡೂ ಸರಿಯಾಗೇ ಕಾಣುತ್ತೆ. ಅದಕ್ಕೇ ಮೊದಲೇ ಗೊತ್ತಾಗಲಿಲ್ಲ.


ಮೂಡಿಗೆರೆ ವೆಬ್
ಭಾನುವಾರ, ರಾತ್ರಿ 10:15

ಮೇಡಂ, ಇದು ಒಂದು ರೋಗ ಅಲ್ಲ, ಎರಡು. ಬೇರೆ ಬೇರೆಯಾಗೇ ನೋಡೋಣ.

ಮೊದಲು ಇಷ್ಟು ಹೇಳಿ. ಲ್ಯಾಬ್‌ನಲ್ಲಿ ಯಾವ ಬ್ರೌಸರ್? ಮನೆ ಲ್ಯಾಪ್‌ಟಾಪ್‌ನಲ್ಲಿ ಯಾವುದು? ಲ್ಯಾಬ್‌ನಲ್ಲಿ ಯಾವುದಾದರೂ ಸೂತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಒಂದು ಪಟ್ಟಿ ತೆರೆದುಕೊಳ್ಳುತ್ತಾ? ತೆರೆದರೆ ಅದರ ಕೊನೆಯಲ್ಲಿ "ಅಬೌಟ್" ಅಂತ ಇರುತ್ತೆ, ಅದನ್ನು ಒತ್ತಿದರೆ ಸೂತ್ರ ಮೂಡಿಸೋ ಪ್ರೋಗ್ರಾಂನ ಹೆಸರು, ಆವೃತ್ತಿಯ ಸಂಖ್ಯೆ ಕಾಣುತ್ತೆ. ಆ ಹುಡುಗಿಗೆ ಮೊಬೈಲ್‌ನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ನೋಡು ಅಂತ ಹೇಳಿ. ಗೆರೆ ಬರುತ್ತಾ ಇಲ್ವಾ ಅನ್ನೋದು ಮುಖ್ಯ.


ಗಣಿತ ಟೀಚರ್, ಹಾಸನ
ಸೋಮವಾರ, ಮಧ್ಯಾಹ್ನ 1:20

ಲ್ಯಾಬ್‌ನಲ್ಲಿ ಕ್ರೋಮ್. ಈ ವರ್ಷ ಹೊಸ ಕಂಪ್ಯೂಟರ್ ಬಂದವು, ಹಳೇವುಗಳಲ್ಲಿ ಫೈರ್‌ಫಾಕ್ಸ್ ಇತ್ತು. ಮನೆಯಲ್ಲೂ ಫೈರ್‌ಫಾಕ್ಸೇ. ಬಲಗುಂಡಿ ಒತ್ತಿದರೆ ಪಟ್ಟಿ ಬಂತು, ಮ್ಯಾಥ್‌ಜ್ಯಾಕ್ಸ್ 2.4 ಅಂತ ಇದೆ. ಹುಡುಗಿಗೆ ಈ ಚರ್ಚೆಯ ಕೊಂಡಿ ಕಳಿಸಿದ್ದೇನೆ, ಅವಳೇ ಬರೀತಾಳೆ.


ಎಸ್ಟೇಟ್ ಹುಡುಗಿ, ಸಕಲೇಶಪುರ
ಸೋಮವಾರ, ಸಂಜೆ 6:05

ನಮಸ್ಕಾರ ಅಣ್ಣ. ನಾನೇ 100 ಬರೆದವಳು. ನಮ್ಮ ಲೈನ್ ಮನೆ ಹತ್ತಿರ ಸಿಗ್ನಲ್ ಸಿಗೋದಿಲ್ಲ, ಗೇಟ್ ಹತ್ತಿರ ಬಂದು ನಿಂತು ಪುಟ ತೆಗೆದುಕೊಂಡು ಒಳಗೆ ಹೋಗಿ ಓದ್ತೀನಿ.

ಪುಟ ತೆಗೆದ ತಕ್ಷಣ ಅಕ್ಷರ ಎಲ್ಲಾ ಸಾಸಿವೆ ಕಾಳಿನ ಹಾಗೆ ಪುಟ್ಟದಾಗಿರುತ್ತೆ. ಕಣ್ಣಿನ ಹತ್ತಿರ ಹಿಡಿದು ಓದೋದು ರೂಢಿ ಆಗಿದೆ. ಆಗ ಭಿನ್ನರಾಶಿಗಳಿಗೆ ಗೆರೆ ಇಲ್ಲ. ಕೆಲವಕ್ಕೆ ತೀರಾ ಮಸುಕಾಗಿ ಬೂದು ಬಣ್ಣದ್ದು ಇದೆ, ಇದೆ ಅಂತ ಗೊತ್ತಿದ್ದವರಿಗೆ ಮಾತ್ರ ಕಾಣುತ್ತೆ. ಬೆರಳಲ್ಲಿ ಹಿಗ್ಗಿಸಿದರೆ ಎಲ್ಲದಕ್ಕೂ ಗೆರೆ ಬಂತು. ಮೊಬೈಲ್ ಅಡ್ಡ ಹಿಡಿದರೂ ಬಂತು. ಟೆಸ್ಟ್ ದಿನ ಹಿಗ್ಗಿಸಿ ನೋಡಬೇಕು ಅಂತ ನನಗೆ ಹೊಳೆಯಲಿಲ್ಲ.


ಮೂಡಿಗೆರೆ ವೆಬ್
ಸೋಮವಾರ, ರಾತ್ರಿ 8:30

ನಿನಗೆ ಹೊಳೆಯಬೇಕಾಗಿಯೂ ಇರಲಿಲ್ಲ ತಂಗಿ. ಪ್ರಶ್ನೆ ಓದೋಕೆ ಯಾರೂ ಅಷ್ಟು ಕಷ್ಟಪಡಬೇಕಾಗಬಾರದು.

ಮೇಡಂ, ಮೊದಲು ಲ್ಯಾಬ್‌ನ ಗೆರೆ. ಇದು ಹಳೇ ಕಾಯಿಲೆ, ಔಷಧಿಯೂ ಇದೆ. ಹಳೇ ಮ್ಯಾಥ್‌ಜ್ಯಾಕ್ಸ್ ಪ್ರತಿ ಸೂತ್ರದ ತುದಿಯಲ್ಲಿ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಪೆಟ್ಟಿಗೆ ನಿಲ್ಲಿಸುತ್ತೆ. ಸೂತ್ರ ಎಷ್ಟು ಎತ್ತರ, ಸಾಲಿನಿಂದ ಎಷ್ಟು ಕೆಳಕ್ಕೆ ಇಳಿಯುತ್ತೆ ಅನ್ನೋದನ್ನು ಬ್ರೌಸರ್‌ಗೆ ತಿಳಿಸೋ ಊರುಗೋಲು ಅದು. ಅದರ ಎಡ ಅಂಚಿಗೆ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣ ದಪ್ಪ. ಮೊದಲೆಲ್ಲ ಬ್ರೌಸರ್‌ಗಳು ಅದನ್ನು ಸೊನ್ನೆ ಅಂತಲೇ ಎಣಿಸಿ ಸುಮ್ಮನಾಗ್ತಿದ್ದವು. ಆಮೇಲೆ ಕ್ರೋಮ್ ತನ್ನ ನಿಯಮ ಬದಲಾಯಿಸಿತು: ಅಂಚು ಸೊನ್ನೆ ಅಲ್ಲ ಅಂದಮೇಲೆ, ಎಷ್ಟೇ ಸಣ್ಣದಿರಲಿ, ಕನಿಷ್ಠ ಒಂದು ಪಿಕ್ಸೆಲ್, ಅಂದರೆ ಸ್ಕ್ರೀನಿನ ಒಂದು ಚುಕ್ಕಿ, ಬರೆಯಬೇಕು ಅಂತ. ಆ ನಿಯಮ ತಪ್ಪಲ್ಲ, ತೆಳು ಅಂಚುಗಳು ಕಾಣೆಯಾಗದಿರಲಿ ಅಂತ ಮಾಡಿದ್ದು. ಆದರೆ ಅಡಗಿ ಕೂತಿದ್ದ ಊರುಗೋಲು ಹೊರಗೆ ಬಂತು. ಮಕ್ಕಳು ನೋಡಿದ 1 ಅದೇ.

ಮ್ಯಾಥ್‌ಜ್ಯಾಕ್ಸ್ 2.6ರಲ್ಲಿ ಇದನ್ನು ಸರಿ ಮಾಡಿದ್ದಾರೆ. ನಿಮ್ಮ ವಿದ್ಯಾರ್ಥಿ 2.4ನ್ನು ಇಳಿಸಿಕೊಂಡು ಸೈಟಿನ ಒಳಗೇ ಇಟ್ಟಿರೋದರಿಂದ ತಾನಾಗೇ ಹೊಸದಾಗಲಿಲ್ಲ. ಅವನ ತಪ್ಪೂ ಅಲ್ಲ. ಆಗ ಅದೇ ಸರಿಯಾಗಿ ಓಡ್ತಿತ್ತು.

ನಾಳೆಯೇ ಪಾಠ ಇದ್ದರೆ ತಾತ್ಕಾಲಿಕವಾಗಿ ಹೀಗೆ ಮಾಡಿ. ಅದೇ ಬಲಗುಂಡಿ ಪಟ್ಟಿಯಲ್ಲಿ "ಮ್ಯಾಥ್ ಸೆಟ್ಟಿಂಗ್ಸ್", ಅದರೊಳಗೆ "ಮ್ಯಾಥ್ ರೆಂಡರರ್", ಅಲ್ಲಿ ಎಸ್‌ವಿಜಿ ಆರಿಸಿ. ಆ ಕಂಪ್ಯೂಟರ್‌ನಲ್ಲಿ ಗೆರೆ ಹೋಗುತ್ತೆ. ಒಂದೊಂದು ಕಂಪ್ಯೂಟರ್‌ನಲ್ಲೂ ಮಾಡಬೇಕು, ಇದೊಂದು ಕಿರಿಕಿರಿ.


ತರೀಕೆರೆ ಟೆಕ್
ಸೋಮವಾರ, ರಾತ್ರಿ 10:50

ಭಿನ್ನರಾಶಿಯ ಗೆರೆ ಬಗ್ಗೆ ನಾನು ಸ್ವಲ್ಪ ಉದ್ದವಾಗಿ ಬರೀತೀನಿ, ಯಾಕಂದ್ರೆ ಆ ಹುಡುಗಿ ಮಾಡಿದ ಲೆಕ್ಕ ಓದಿ ನನಗೆ ಕೂತಲ್ಲಿ ಕೂರೋಕೆ ಆಗಲಿಲ್ಲ.

ಲೇಟೆಕ್‌ಗೆ ತಳಹದಿಯಾದ ಟೆಕ್ ಅನ್ನೋ ಅಚ್ಚಿನ ಪ್ರೋಗ್ರಾಂ ಹುಟ್ಟಿದ್ದೇ ಗಣಿತದ ಅಚ್ಚು ಕೆಟ್ಟು ಕಂಡಿದ್ದಕ್ಕೆ. 1977ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅವರಿಗೆ ತಮ್ಮ ಪುಸ್ತಕದ ಎರಡನೇ ಸಂಪುಟದ ಪ್ರೂಫ್ ಬಂತು, ಅಕ್ಷರಗಳ ಅಂದ ನೋಡಿ ಬೇಸರವಾಗಿ ತಾವೇ ಒಂದು ವ್ಯವಸ್ಥೆ ಕಟ್ಟೋಕೆ ಕೂತರು. ಅವರ ಅಕ್ಷರಗಳಲ್ಲಿ 10 ಪಾಯಿಂಟ್ ಗಾತ್ರಕ್ಕೆ ಭಿನ್ನರಾಶಿ ಗೆರೆಯ ದಪ್ಪ 0.4 ಪಾಯಿಂಟ್ (ಒಂದು ಪಾಯಿಂಟ್ ಅಂದರೆ ಒಂದು ಇಂಚಿನ ಸುಮಾರು 72ರಲ್ಲಿ ಒಂದು ಪಾಲು). ಅಕ್ಷರದ ಗಾತ್ರದ ಶೇ. 4. ವೆಬ್‌ನ ಗಣಿತ ಪ್ರೋಗ್ರಾಂಗಳೂ ಹೆಚ್ಚುಕಡಿಮೆ ಅದೇ ಅಳತೆ ಇಟ್ಟುಕೊಂಡಿವೆ.

ಈಗ ಲೆಕ್ಕ ನೋಡಿ. ಒಳ್ಳೇ ಮುದ್ರಣಾಲಯದಲ್ಲಿ ಇಂಚಿಗೆ 2400 ಚುಕ್ಕಿ. 0.4 ಪಾಯಿಂಟ್ ಗೆರೆಗೆ 13 ಚುಕ್ಕಿ ಸಿಗುತ್ತೆ. 300 ಚುಕ್ಕಿಯ ಲೇಸರ್ ಪ್ರಿಂಟರ್‌ನಲ್ಲಿ ಒಂದೂವರೆಗಿಂತ ಸ್ವಲ್ಪ ಹೆಚ್ಚು. 96 ಚುಕ್ಕಿಯ ಮಾಮೂಲಿ ಮಾನಿಟರ್‌ನಲ್ಲಿ ಅರ್ಧ ಚುಕ್ಕಿ! ಅರ್ಧ ಚುಕ್ಕಿ ಬರೆಯೋಕೆ ಯಾವ ಸ್ಕ್ರೀನಿಗೂ ಆಗೋದಿಲ್ಲ. ಒಂದೋ ಪೂರ್ತಿ ಬರೀಬೇಕು, ಇಲ್ಲಾ ಬಿಡಬೇಕು, ಇಲ್ಲಾ ಮಸುಕು ಮಾಡಿ ಸರಿದೂಗಿಸಬೇಕು. ಹುಡುಗಿ ಹೇಳಿದ ಬೂದು ಗೆರೆ ಇದೇ ಮೂರನೇದು.

ಅವಳ ಮೊಬೈಲ್‌ನಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟು ಅಂದಳಲ್ಲ, ಅದೇ ಸುಳಿವು. ಪುಟದ ಮೇಲ್ಭಾಗದಲ್ಲಿ "ವ್ಯೂಪೋರ್ಟ್" ಅನ್ನೋ ಒಂದು ಸಾಲು ಇರಬೇಕು. ಅದು ಇಲ್ಲದಿದ್ದರೆ ಮೊಬೈಲ್ ಆ ಪುಟವನ್ನು ಕಂಪ್ಯೂಟರ್‌ಗೆ ಅಂತ ಮಾಡಿದ್ದು ಎಂದುಕೊಂಡು 980 ಪಿಕ್ಸೆಲ್ ಅಗಲಕ್ಕೆ ಹೆಣೆದು, ಆಮೇಲೆ ಇಡೀ ಪುಟವನ್ನು ಸ್ಕ್ರೀನಿಗೆ ಕುಗ್ಗಿಸುತ್ತೆ. ಅಗಲದಲ್ಲಿ 720 ಚುಕ್ಕಿ ಇರೋ ಫೋನ್ ಅಂತ ಇಟ್ಟುಕೊಳ್ಳಿ. 16 ಪಿಕ್ಸೆಲ್ ಅಕ್ಷರಕ್ಕೆ ಗೆರೆ 0.64. ಅದನ್ನು 980ಕ್ಕೆ 720ರಂತೆ ಕುಗ್ಗಿಸಿದರೆ 0.47. ಅರ್ಧ ಚುಕ್ಕಿಗೂ ಕಡಿಮೆ. ಅಡ್ಡ ಹಿಡಿದರೆ ಅಗಲ ಹೆಚ್ಚುತ್ತೆ, ಗೆರೆ ಬರುತ್ತೆ.

ಇನ್ನೊಂದು ವಿಷಯ. ಟೆಕ್‌ನಲ್ಲಿ ದ್ವಿಪದ ಗುಣಾಂಕಕ್ಕೆ ಬೇರೆ ರಚನೆಯೇ ಇಲ್ಲ. ಅದು ಆವರಣದೊಳಗಿನ ಭಿನ್ನರಾಶಿಯೇ, ಗೆರೆಯ ದಪ್ಪವನ್ನು ಸೊನ್ನೆ ಅಂತ ಕೊಟ್ಟಿರ್ತಾರೆ ಅಷ್ಟೇ. ಅಂದರೆ ಆ ಫೋನ್ 0.47ನ್ನು ಸೊನ್ನೆ ಮಾಡಿದಾಗ ಎರಡೂವರೆ ಅನ್ನೋದು ಅಕ್ಷರಶಃ ಐದರಲ್ಲಿ ಎರಡರ ವಿಕಲ್ಪ ಆಯ್ತು. ಆ ಮಗು ಓದಿದ್ದು ತಪ್ಪಲ್ಲ ಮೇಡಂ. ದಯವಿಟ್ಟು ಅವಳಿಗೆ ಪೂರ್ತಿ ಅಂಕ ಕೊಡಿ.


ಡಿಟಿಪಿ, ಕಡೂರು
ಮಂಗಳವಾರ, ಬೆಳಿಗ್ಗೆ 7:10

ತರೀಕೆರೆಯವರೇ, ಒಂದು ಅನುಮಾನ. ಮೇಲೆ ಮೂಡಿಗೆರೆಯವರು ಕ್ರೋಮ್ ಸಣ್ಣ ಅಂಚನ್ನೂ ಒಂದು ಪಿಕ್ಸೆಲ್‌ಗೆ ಏರಿಸುತ್ತೆ ಅಂದರು. ಭಿನ್ನರಾಶಿ ಗೆರೆಯನ್ನೂ ಅಂಚಿನ ರೂಪದಲ್ಲೇ ಬರೀತಾರೆ ಅಲ್ವಾ? ಹಾಗಾದರೆ ಅದೂ ಏರಬೇಕಿತ್ತು. ಒಂದು ಕಡೆ ಏರಿ ಇನ್ನೊಂದು ಕಡೆ ಮಾಯ ಆಗೋದು ಹೇಗೆ?


ಮೂಡಿಗೆರೆ ವೆಬ್
ಮಂಗಳವಾರ, ಬೆಳಿಗ್ಗೆ 8:00

ಒಳ್ಳೇ ಪ್ರಶ್ನೆ ಸರ್. ಏರಿಸೋದು ಪುಟ ಹೆಣೆಯೋ ಹಂತದಲ್ಲಿ. ಕುಗ್ಗಿಸೋದು ಅದಾದಮೇಲೆ, ಹೆಣೆದಿದ್ದನ್ನು ಸ್ಕ್ರೀನ್ ಮೇಲೆ ಬಣ್ಣವಾಗಿ ಇಳಿಸುವಾಗ. ಹೆಣೆಯುವಾಗ ಸರಿಯಾಗೇ ಇದ್ದ ಗೆರೆ ಇಳಿಸುವಾಗ ಒಂದು ಚುಕ್ಕಿಗಿಂತ ತೆಳ್ಳಗಾಗಿ ಮಸುಕಾಗುತ್ತೆ, ಇಲ್ಲಾ ಬಿದ್ದೇ ಹೋಗುತ್ತೆ. ಆ ಮೊಬೈಲ್‌ನಲ್ಲೂ ಸೂತ್ರದ ತುದಿಯ ಗೆರೆ ಇದ್ದೇ ಇದೆ, ಅದೂ ಹೀಗೇ ಮಸುಕಾಗಿರೋದರಿಂದ ಆ ಹುಡುಗಿಗೆ 51 ಕಾಣಲಿಲ್ಲ. ಲ್ಯಾಬ್‌ನಲ್ಲಿ ಕುಗ್ಗಿಸೋದು ಇಲ್ಲ, ಎರಡೂ ಗೆರೆ ಕಾಣುತ್ತೆ.


ಡಿಟಿಪಿ, ಕಡೂರು
ಮಂಗಳವಾರ, ಮಧ್ಯಾಹ್ನ 2:45

ಈಗ ಅರ್ಥವಾಯ್ತು, ಥ್ಯಾಂಕ್ಸ್. ನಾನು ಕಡೂರಿನಲ್ಲಿ ಇಪ್ಪತ್ತು ವರ್ಷದ ಮೇಲಾಯ್ತು, ಶಾಲೆ ಕಾಲೇಜುಗಳ ಪ್ರಶ್ನೆಪತ್ರಿಕೆ ಟೈಪ್ ಮಾಡ್ತಾ ಬಂದಿದ್ದೀನಿ. ಗಣಿತದ ಗುರುತು ಕೈಕೊಡೋದು ಸ್ಕ್ರೀನಿಗೆ ಮಾತ್ರ ಸೇರಿದ್ದಲ್ಲ. ನಾನು ಒಂದು ಸಲ ಅನುಭವಿಸಿದ್ದನ್ನು ಹೇಳ್ತೀನಿ, ಈಗಲೂ ಹಳೇ ಫೈಲ್ ತೆಗೆಯೋ ಮೇಷ್ಟ್ರುಗಳಿಗೆ ಉಪಯೋಗ ಆಗಬಹುದು.

ಪೇಜ್‌ಮೇಕರ್ ಅನ್ನೋ ಪುಟ ಜೋಡಿಸೋ ಪ್ರೋಗ್ರಾಂ ಇದ್ದ ಕಾಲ. ಕನ್ನಡಕ್ಕೆ ನುಡಿ ಫಾಂಟು, ಗಣಿತದ ಗುರುತಿಗೆ ಸಿಂಬಲ್ ಅನ್ನೋ ಫಾಂಟು. ಎರಡೂ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡೋ ಪದ್ಧತಿ) ಅಲ್ಲ. ಒಳಗೆ ಇರೋದು ಬರೀ ಒಂದು ಸಂಖ್ಯೆ, ಅದಕ್ಕೆ ಯಾವ ಚಿತ್ರ ಅನ್ನೋದನ್ನು ಫಾಂಟು ಹೇಳುತ್ತೆ. 163 ಅನ್ನೋ ಸಂಖ್ಯೆಗೆ ಮಾಮೂಲಿ ಇಂಗ್ಲಿಷ್ ಫಾಂಟಲ್ಲಿ ಪೌಂಡ್ ಗುರುತು £. ಸಿಂಬಲ್ ಫಾಂಟಲ್ಲಿ ಅದೇ ಸಂಖ್ಯೆ ≤. ನುಡಿಯಲ್ಲಿ ಅದೇ ಸಂಖ್ಯೆ ತಲೆಕಟ್ಟು ಇಲ್ಲದ ನ. 165ಕ್ಕೆ ಇಂಗ್ಲಿಷಲ್ಲಿ ಯೆನ್ ಗುರುತು ¥, ಸಿಂಬಲ್‌ನಲ್ಲಿ ∞, ನುಡಿಯಲ್ಲಿ ತಲೆಕಟ್ಟು ಇಲ್ಲದ ಪ. 177ಕ್ಕೆ ಇಂಗ್ಲಿಷಲ್ಲೂ ಸಿಂಬಲ್‌ನಲ್ಲೂ ±, ನುಡಿಯಲ್ಲಿ ತಲೆಕಟ್ಟು ಇಲ್ಲದ ಶ.

ಒಂದು ರಾತ್ರಿ ಹತ್ತು ಗಂಟೆಗೆ ಪೇಪರ್ ಮುಗಿಸಿ, ಅಕ್ಷರದ ಗಾತ್ರ ಒಂದೇ ಥರ ಇರಲಿ ಅಂತ ಪೂರ್ತಿ ಸೆಲೆಕ್ಟ್ ಮಾಡಿ ನುಡಿ ಕೊಟ್ಟೆ. ಬಟರ್ ಪೇಪರ್ ಪ್ರಿಂಟ್ ತೆಗೆದು ಕೊಟ್ಟೂಬಿಟ್ಟೆ. ಬೆಳಿಗ್ಗೆ ಆ ಶಾಲೆಯ ಮೇಷ್ಟ್ರು ಓಡಿ ಬಂದರು. "ಎಕ್ಸ್ ≤ 5" ಇರಬೇಕಾದ ಕಡೆ ಎಕ್ಸ್ ಹೋಗಿ ಬೋಳು ಥ, ≤ ಹೋಗಿ ಬೋಳು ನ. ವರ್ಗ ಸಮೀಕರಣದ ಸೂತ್ರದಲ್ಲಿ ± ಇರೋ ಜಾಗಕ್ಕೆ ಬೋಳು ಶ. ಒಂದೇ ಒಂದು ಸಮಾಧಾನ ಏನಂದ್ರೆ ಅದು ಎಷ್ಟು ವಿಚಿತ್ರವಾಗಿ ಕಾಣ್ತಿತ್ತು ಅಂದರೆ, ಯಾರೂ ಅದನ್ನು ಸರಿ ಅಂದುಕೊಂಡು ಓದೋ ಹಾಗಿರಲಿಲ್ಲ. ನಿಮ್ಮ 51 ಹಾಗಲ್ಲ ಮೇಡಂ. ಅದು ನೋಡೋಕೆ ಸರಿಯಾಗೇ ಇದೆ. ಅಂಥ ತಪ್ಪಿಗೇ ನಾನು ಹೆಚ್ಚು ಹೆದರೋದು.

ಅವತ್ತಿನಿಂದ ಗಣಿತದ ಪೇಪರ್ ಕೊಡೋ ಮೊದಲು ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಸಾಲು ಸಾಲು ಇಳಿಸ್ತಾ, ಕೈಬರಹದ ಪ್ರತಿ ಜೊತೆ ಗೆರೆ, ಮೈನಸ್, ದಶಮಾಂಶದ ಚುಕ್ಕಿ ಮಾತ್ರ ಒಂದು ಸಲ ಬೇರೆಯಾಗಿ ನೋಡ್ತೀನಿ. ಪದಗಳ ಪ್ರೂಫ್ ಬೇರೆ, ಗುರುತುಗಳ ಪ್ರೂಫ್ ಬೇರೆ. ಎರಡನ್ನೂ ಒಟ್ಟಿಗೆ ನೋಡಿದರೆ ಕಣ್ಣು ಪದದ ಹಿಂದೆ ಹೋಗಿಬಿಡುತ್ತೆ.


ಪೋಷಕ, ಚನ್ನರಾಯಪಟ್ಟಣ
ಮಂಗಳವಾರ, ಸಂಜೆ 5:30

ಇಷ್ಟೆಲ್ಲಾ ಕಷ್ಟ ಯಾಕೆ? ಮೇಡಂ ಕೈಯಲ್ಲಿ ಚೆನ್ನಾಗಿ ಬರೆದು ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರೆ ಆಗಲ್ವಾ? ನಮ್ಮ ಮಗನ ಟ್ಯೂಷನ್‌ನಲ್ಲಿ ಹಾಗೇ ಮಾಡ್ತಾರೆ.


ಅರಸೀಕೆರೆ ಕಾಮರ್ಸ್
ಮಂಗಳವಾರ, ಸಂಜೆ 7:00

ಆಗುತ್ತೆ ಸರ್, ಕಣ್ಣು ಕಾಣೋರಿಗೆ. ನನ್ನ ತಮ್ಮನಿಗೆ ಹುಟ್ಟಿದಾಗಿನಿಂದ ದೃಷ್ಟಿ ಇಲ್ಲ. ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ ಅಂತ ಸ್ಕ್ರೀನ್ ಓದಿ ಹೇಳೋ ಪ್ರೋಗ್ರಾಂ ಹಾಕಿಕೊಂಡು ಕೇಳಿ ಕೇಳಿಯೇ ಪಿಯು ಓದಿದ. ಅದರ ಜೊತೆ ಮ್ಯಾಥ್‌ಕ್ಯಾಟ್ ಅಂತ ಒಂದು ಆಡ್‌ಆನ್ ಸೇರಿಸಿದರೆ, ಸೂತ್ರ ಸರಿಯಾದ ಕ್ರಮದಲ್ಲಿ ಇದ್ದಾಗ ಅಂಶ ಯಾವುದು, ಛೇದ ಯಾವುದು, ಮೂಲದ ಗುರುತು ಎಲ್ಲಿ ಮುಗೀತು ಅಂತ ಓದಿ ಹೇಳುತ್ತೆ. ಅಂಥ ಕಡೆ ಸ್ಕ್ರೀನ್ ಮೇಲೆ ಗೆರೆ ಮಾಯವಾದರೂ ಅವನಿಗೆ ಭಿನ್ನರಾಶಿ ಭಿನ್ನರಾಶಿಯಾಗೇ ಕೇಳುತ್ತೆ, ಒಳಗಿನ ರಚನೆ ಕೆಟ್ಟಿರೋದಿಲ್ಲವಲ್ಲ. ಫೋಟೋ ಕಳಿಸಿದರೆ ಅವನ ಪಾಲಿಗೆ ಅಲ್ಲಿ ಏನೂ ಇಲ್ಲ. ಒಂದು ಇಡೀ ಅಧ್ಯಾಯ ಹಾಗೆ ಬಂದಿತ್ತು, ನಾನು ಪಕ್ಕ ಕೂತು ಎರಡು ಭಾನುವಾರ ಓದಿ ಹೇಳಿದೆ.

ಮೇಡಂ, ನೀವು ಟೈಪ್ ಮಾಡೋದನ್ನು ಬಿಡಬೇಡಿ.


ಬೇಲೂರು ಮೇಷ್ಟ್ರು
ಬುಧವಾರ, ಬೆಳಿಗ್ಗೆ 6:30

ನನ್ನದು ಹೈಸ್ಕೂಲು, ಕನ್ನಡ ಮಾಧ್ಯಮ. ನನ್ನ ಕಷ್ಟ ಇನ್ನೊಂದು ಬಗೆಯದು. ಮಕ್ಕಳಿಗೆ ಅರ್ಥವಾಗಲಿ ಅಂತ ಸೂತ್ರದಲ್ಲಿ ಕನ್ನಡ ಪದವನ್ನೇ ಬರೀತೀನಿ. ಜವ ಸಮ ದೂರ ಭಾಗಿಸು ಕಾಲ. ಹಾಗೆ ಟೈಪ್ ಮಾಡಿದರೆ "ದೂರ" ಅನ್ನೋದು "ದ ◌ೂ ರ" ಆಗುತ್ತೆ. "ವಿಸ್ತೀರ್ಣ" ಅಂತೂ ನೋಡೋಕಾಗೋದಿಲ್ಲ: ವ ◌ಿ ಸ ◌್ ತ ◌ೀ ರ ◌್ ಣ. ನಮ್ಮ ಅಕ್ಷರದ ಮೂಳೆ ಮೂಳೆ ಬಿಡಿಸಿ ಇಟ್ಟ ಹಾಗೆ.

ಯಾರೋ ಹೇಳಿದರು ಅಂತ ಕೇಟೆಕ್ ಅನ್ನೋ ಇಂಥದ್ದೇ ಸೂತ್ರ ಮೂಡಿಸೋ ಪ್ರೋಗ್ರಾಂ ಇರೋ ಇನ್ನೊಂದು ಪುಟದಲ್ಲಿ ಟೆಕ್ಸ್ಟ್ ಅನ್ನೋ ಆಜ್ಞೆಯೊಳಗೆ ಪದ ಇಟ್ಟೆ. ಅಕ್ಷರ ಕೂಡಿಕೊಂಡವು. ಆದರೆ ಅಂಶದಲ್ಲಿ "ವಸ್ತುವಿನ ದ್ರವ್ಯರಾಶಿ" ಅಂತ ಹಾಕಿದರೆ ಸ್ತುವಿನ ತ ಒತ್ತು, ದ್ರ, ವ್ಯ ಎಲ್ಲದರ ಒತ್ತಿನ ಮೇಲೂ ಭಿನ್ನರಾಶಿಯ ಗೆರೆ ಹಾದು ಹೋಗುತ್ತೆ. ಕಾಲು ಕತ್ತರಿಸಿದ ಹಾಗೆ. ಇಂಗ್ಲಿಷ್ ಪದ ಹಾಕಿದರೆ ಏನೂ ಆಗೋದಿಲ್ಲ. ಕನ್ನಡಕ್ಕೆ ಮಾತ್ರ ಯಾಕೆ?


ತರೀಕೆರೆ ಟೆಕ್
ಬುಧವಾರ, ಬೆಳಿಗ್ಗೆ 9:20

ಮೇಷ್ಟ್ರೇ, ಎರಡಕ್ಕೂ ಕಾರಣ ಇದೆ.

ಗಣಿತದ ಕ್ರಮದಲ್ಲಿ ಬರೆದಾಗ ಒಂದೊಂದು ಅಕ್ಷರವೂ ಒಂದೊಂದು ಚರ. ಎ ಪಕ್ಕ ಬಿ ಅಂದರೆ ಎ ಗುಣಿಸು ಬಿ. ಹಾಗಾಗಿ ಪ್ರೋಗ್ರಾಂ ಪ್ರತಿಯೊಂದನ್ನೂ ಬೇರೆ ಪೆಟ್ಟಿಗೆಗೆ ಹಾಕುತ್ತೆ. ಯೂನಿಕೋಡ್‌ನಲ್ಲಿ "ದೂ" ಅನ್ನೋದು ಎರಡು ಸಂಕೇತ, ದ ಒಂದು, ಕೊಂಬಿನ ದೀರ್ಘ ಇನ್ನೊಂದು. ಅವು ಒಂದೇ ಪೆಟ್ಟಿಗೆಯಲ್ಲಿ ಇದ್ದರೆ ತಾನೇ ಫಾಂಟು ಸೇರಿಸೋದು? ಒಂಟಿಯಾದ ಸ್ವರಚಿಹ್ನೆಗೆ ಆಸರೆ ಇಲ್ಲ ಅಂತ ತೋರಿಸೋಕೆ ಆ ಚುಕ್ಕಿಯ ವೃತ್ತ. ಟೆಕ್ಸ್ಟ್ ಆಜ್ಞೆ ಕೊಟ್ಟರೆ ಪದ ಇಡಿಯಾಗಿ ಒಂದೇ ಪೆಟ್ಟಿಗೆಗೆ ಹೋಗುತ್ತೆ.

ಎರಡನೆಯದು ನನ್ನ ಕರುಳಿಗೆ ಹತ್ತಿರದ ವಿಷಯ. ಗೆರೆ ಎಲ್ಲಿ ಎಳೀಬೇಕು ಅಂತ ತಿಳಿಯೋಕೆ ಪ್ರೋಗ್ರಾಂಗೆ ಪ್ರತಿ ಅಕ್ಷರದ ಎತ್ತರ, ಆಳ ಗೊತ್ತಿರಬೇಕು. ಕೇಟೆಕ್ ತನ್ನದೇ ಫಾಂಟಿನ ಅಕ್ಷರಗಳಿಗೆ ಈ ಅಳತೆಯ ಪಟ್ಟಿ ಇಟ್ಟುಕೊಂಡಿದೆ. ಕನ್ನಡಕ್ಕೆ ಪಟ್ಟಿ ಇಲ್ಲ. ಅಳತೆ ಇಲ್ಲದ ನಮ್ಮ ಲಿಪಿಗಳಿಗೆಲ್ಲ ಅದು ಇಂಗ್ಲಿಷಿನ ದೊಡ್ಡ "ಎಂ" ಅಕ್ಷರದ ಅಳತೆಯನ್ನೇ ಹಾಕಿಬಿಡುತ್ತೆ. "ಎಂ" ಸಾಲಿನ ಮೇಲೆ ನೆಟ್ಟಗೆ ನಿಲ್ಲೋ ಅಕ್ಷರ, ಕೆಳಕ್ಕೆ ಒಂದಿಷ್ಟೂ ಇಳಿಯೋದಿಲ್ಲ. ನಮ್ಮ ಒತ್ತಕ್ಷರ ಬದುಕೋದೇ ಸಾಲಿನ ಕೆಳಗೆ. ಪ್ರೋಗ್ರಾಂ ಪಾಲಿಗೆ ಅಲ್ಲಿ ಖಾಲಿ ಜಾಗ, ಅದಕ್ಕೇ ಗೆರೆ ಎಳೆಯುತ್ತೆ.

ಪರಿಹಾರ: ಪದದ ಪಕ್ಕ ಅಗಲ ಸೊನ್ನೆ ಇರೋ, ಸಾಲಿಗಿಂತ ಅರ್ಧ ಅಕ್ಷರ ಕೆಳಗಿಳಿಯೋ ಒಂದು ಅದೃಶ್ಯ ಗೆರೆ ಹಾಕಿ. ರೂಲ್ ಅನ್ನೋ ಆಜ್ಞೆಗೆ ಆಳ, ಅಗಲ, ಎತ್ತರ ಮೂರನ್ನೂ ಕೊಡಬಹುದು. ಮೂಡಿಗೆರೆಯವರು ಹೇಳಿದ ಊರುಗೋಲೇ, ಈ ಸಲ ನಾವೇ ಬೇಕಂತ ನಿಲ್ಲಿಸೋದು. ಆಗ ಭಿನ್ನರಾಶಿ ಗೆರೆ ಅದಕ್ಕಿಂತ ಕೆಳಗೆ ಸರಿಯುತ್ತೆ. ಮ್ಯಾಥ್‌ಜ್ಯಾಕ್ಸ್ ಬಳಸೋದಾದರೆ ಟೆಕ್ಸ್ಟ್‌ನ ಒಳಗಿನ ಪದಗಳಿಗೆ ಪುಟದ ಫಾಂಟನ್ನೇ ತೆಗೆದುಕೋ ಅನ್ನೋ ಒಂದು ಆಯ್ಕೆ ಇದೆ, ಅದನ್ನು ಹಾಕಿಕೊಂಡರೆ ಕನ್ನಡ ಸುತ್ತಲಿನ ಅಕ್ಷರದ ಜೊತೆ ಹೊಂದಿಕೊಳ್ಳುತ್ತೆ.

ನಮ್ಮ ಲಿಪಿಯ ಅಳತೆಯನ್ನು ಯಾರಾದರೂ ಕೂತು ಸರಿಯಾಗಿ ಸೇರಿಸಬೇಕು. ಈ ಪ್ರೋಗ್ರಾಂಗಳ ಕೋಡ್ ಎಲ್ಲರಿಗೂ ತೆರೆದಿದೆ. ನಾನು ಈ ದಸರಾ ರಜೆಯಲ್ಲಿ ಶುರು ಮಾಡ್ತೀನಿ, ಯಾರಾದರೂ ಜೊತೆಗೆ ಬರೋದಾದರೆ ಹೇಳಿ.


ಭೌತಶಾಸ್ತ್ರ, ಚಿಕ್ಕಮಗಳೂರು
ಬುಧವಾರ, ಮಧ್ಯಾಹ್ನ 12:40

ನಾನೂ ಎರಡು ಸೇರಿಸ್ತೀನಿ. ಒಂದು ಹಳೇ ಪಿಡಿಎಫ್‌ನಲ್ಲಿ ಪ್ಲಾಂಕ್ ಸ್ಥಿರಾಂಕ 6.626 ಗುಣಿಸು 10ರ ಘಾತ 34 ಅಂತ ಕಾಣುತ್ತೆ. ಮೈನಸ್ಸೇ ಇಲ್ಲ! ಘಾತ ಮೈನಸ್ 34 ಇರಬೇಕಾದದ್ದು. ಇನ್ನೊಂದು ಕಡೆ ಸೂತ್ರದ ಎಲ್ಲಾ ಅಕ್ಷರವೂ ಚೆಂದವಾಗಿ ಓರೆ ಇದ್ದು, ಪ್ಲಾಂಕ್‌ನ "ಎಚ್" ಒಂದು ಮಾತ್ರ ಬೇರೆ ಫಾಂಟಿನದ್ದು ಬಂದು ಕೂತಿದೆ. ಮಕ್ಕಳು ಅದು ಬೇರೆಯೇ ಚಿಹ್ನೆಯಾ ಅಂತ ಕೇಳ್ತಾರೆ.


ತರೀಕೆರೆ ಟೆಕ್
ಬುಧವಾರ, ಮಧ್ಯಾಹ್ನ 1:15

ಸರ್, ಟೆಕ್‌ನ ಹಳೇ ಚಿಹ್ನೆಗಳ ಫಾಂಟಿನಲ್ಲಿ ಮೈನಸ್‌ಗೆ ಕೊಟ್ಟಿರೋ ಮನೆ ಸಂಖ್ಯೆ 0. ಕೆಲವು ಪ್ರಿಂಟರ್ ಮತ್ತು ಪಿಡಿಎಫ್ ತೋರಿಸೋ ಪ್ರೋಗ್ರಾಂಗಳು ಶುರುವಿನ ಆ ಮನೆಗಳಲ್ಲಿ ಅಕ್ಷರ ಇರೋದಿಲ್ಲ ಅಂದುಕೊಂಡು ಬಿಟ್ಟುಬಿಡ್ತಿದ್ದವು. ಬೇರೆ ಪ್ರೋಗ್ರಾಂನಲ್ಲಿ ತೆಗೆದು ನೋಡಿ, ಬರಬಹುದು.

"ಎಚ್" ವಿಷಯ: ಯೂನಿಕೋಡ್‌ನಲ್ಲಿ ಗಣಿತದ ಓರೆ ಅಕ್ಷರಗಳಿಗೆ ಒಂದು ಸಾಲು ಮನೆ ಕೊಟ್ಟರು. ಆದರೆ ಪ್ಲಾಂಕ್ ಸ್ಥಿರಾಂಕ ಅಂತ ಓರೆ "ಎಚ್" ಅಷ್ಟು ಹೊತ್ತಿಗೆ 210ಇ ಅನ್ನೋ ಮನೆಯಲ್ಲಿ ಆಗಲೇ ಇತ್ತು. ಒಂದೇ ಅಕ್ಷರಕ್ಕೆ ಎರಡು ಮನೆ ಬೇಡ ಅಂತ ಹೊಸ ಸಾಲಿನಲ್ಲಿ "ಎಚ್" ಜಾಗ ಖಾಲಿ ಬಿಟ್ಟಿದ್ದಾರೆ. ಸಾಲಿನ ಉಳಿದ ಅಕ್ಷರಗಳು ಒಂದು ಫಾಂಟಿನಿಂದ, "ಎಚ್" ಮಾತ್ರ 210ಇ ಇರೋ ಬೇರೆ ಫಾಂಟಿನಿಂದ ಬಂದಾಗ ನೀವು ಹೇಳಿದ ಹಾಗೆ ಆಗುತ್ತೆ. ಚಿಹ್ನೆ ಒಂದೇ ಅಂತ ಮಕ್ಕಳಿಗೆ ಧೈರ್ಯವಾಗಿ ಹೇಳಿ.


ಗಣಿತ ಟೀಚರ್, ಹಾಸನ
ಶುಕ್ರವಾರ, ರಾತ್ರಿ 9:10

ಎಲ್ಲರಿಗೂ ಹೃದಯದಿಂದ ಧನ್ಯವಾದ. ಮೂಡಿಗೆರೆಯವರು ನಿನ್ನೆ ರಾತ್ರಿ ಒಂದೂವರೆ ಗಂಟೆ ಫೋನ್‌ನಲ್ಲೇ ಕೂತು ಪುಟ ಸರಿ ಮಾಡಿಸಿದರು. ಮ್ಯಾಥ್‌ಜ್ಯಾಕ್ಸ್ 2.4 ತೆಗೆದು 3 ಹಾಕಿದೆವು. ಹಳೇ ಸೆಟ್ಟಿಂಗ್ ಹಾಗೇ ಹೊಂದೋದಿಲ್ಲ, ಹೊಸದಾಗೇ ಬರೀಬೇಕಾಯ್ತು. ವ್ಯೂಪೋರ್ಟ್ ಸಾಲು ಸೇರಿಸಿದೆವು. ಇವತ್ತು ಲ್ಯಾಬ್‌ನ ಪ್ರತಿ ಕಂಪ್ಯೂಟರ್‌ನಲ್ಲೂ ತೆಗೆದು ನೋಡಿದೆ, 5 ಬರೀ 5 ಆಗಿದೆ.

ಕಡೂರಿನವರು ಹೇಳಿದ ಹಾಗೆ ಗುರುತುಗಳ ಪ್ರೂಫ್ ಬೇರೆಯಾಗಿ ನೋಡಿದೆ. ಅದರಿಂದಲೇ ಇನ್ನೊಂದು ಸಿಕ್ಕಿತು. ಒಂದು ಪ್ರಶ್ನೆಯಲ್ಲಿ "0<ಎಕ್ಸ್" ಅಂತ ಇತ್ತು, ಎಕ್ಸ್ ಜಾಗದಲ್ಲಿ ಇಂಗ್ಲಿಷ್ ಅಕ್ಷರ. 0 ಆದಮೇಲೆ ಉಳಿದಿದ್ದೆಲ್ಲ ನಾಪತ್ತೆ. ಆದರೆ ಮುಂದಿನ ಪ್ರಶ್ನೆಯಲ್ಲಿ "ಎಕ್ಸ್<5" ಸರಿಯಾಗೇ ಇದೆ. ಇದೇನು?


ಮೂಡಿಗೆರೆ ವೆಬ್
ಶುಕ್ರವಾರ, ರಾತ್ರಿ 9:35

ಆ "ಗಿಂತ ಕಡಿಮೆ" ಗುರುತಿನ ಬಲಕ್ಕೆ ಅಂಟಿಕೊಂಡೇ ಇಂಗ್ಲಿಷ್ ಅಕ್ಷರ ಬಂದರೆ ಬ್ರೌಸರ್ ಅದನ್ನು ಪುಟದ ಟ್ಯಾಗ್ ಶುರುವಾಯ್ತು ಅಂದುಕೊಂಡು ನುಂಗುತ್ತೆ. ಅಂಕಿ ಬಂದರೆ ನುಂಗೋದಿಲ್ಲ, ಯಾಕಂದ್ರೆ ಟ್ಯಾಗ್ ಹೆಸರು ಅಂಕಿಯಿಂದ ಶುರುವಾಗೋದಿಲ್ಲ. ಗುರುತಿನ ಎರಡೂ ಪಕ್ಕ ಒಂದೊಂದು ಸ್ಪೇಸ್ ಬಿಡಿ ಮೇಡಂ, ಸಾಕು. ಹಳೇ ಪ್ರಶ್ನೆಗಳಲ್ಲೂ ಹುಡುಕಿ ನೋಡಿ. ಅರ್ಧ ನುಂಗಿದ ಪ್ರಶ್ನೆಯೂ ಕೆಲವು ಸಲ ಪೂರ್ತಿ ಪ್ರಶ್ನೆಯ ಹಾಗೇ ಕಾಣುತ್ತೆ.


ಎಸ್ಟೇಟ್ ಹುಡುಗಿ, ಸಕಲೇಶಪುರ
ಶನಿವಾರ, ಸಂಜೆ 5:50

ಮಿಸ್, ಈಗ ಅಕ್ಷರ ದೊಡ್ಡದಾಗಿದೆ, ಹಿಗ್ಗಿಸದೇ ಓದಬಹುದು. ಎರಡನೇ ಐದಕ್ಕೆ ಗೆರೆ ಇದೆ. ವರ್ಗಮೂಲದ ಗುರುತಿಗೂ ಮೇಲಿನ ಗೆರೆಗೂ ನಡುವೆ ಮೊದಲು ಸಣ್ಣ ಬಿರುಕು ಇರ್ತಿತ್ತು, ಅದೂ ಈಗ ಕೂಡಿಕೊಂಡಿದೆ. ಅಮ್ಮನ ಹಳೇ ಫೋನಲ್ಲೂ ನೋಡಿದೆ, ಅದರಲ್ಲೂ ಸರಿ ಇದೆ.

51 ಬರೆದ ನನ್ನ ಫ್ರೆಂಡ್ಸ್‌ಗೂ ಅಂಕ ಕೊಡ್ತೀರಾ ಮಿಸ್?


ಗಣಿತ ಟೀಚರ್, ಹಾಸನ
ಶನಿವಾರ, ರಾತ್ರಿ 8:00

ಕೊಟ್ಟಾಯ್ತು ಕಣಮ್ಮ. 51 ಹಾಕಿ ಮುಂದಿನ ಹೆಜ್ಜೆಗಳನ್ನು ಸರಿಯಾಗಿ ಮಾಡಿದವರಿಗೆಲ್ಲ ಪೂರ್ತಿ ಅಂಕ, ನಿನ್ನ 100ಕ್ಕೂ ಪೂರ್ತಿ ಅಂಕ. ಕ್ಲಾಸಿನಲ್ಲಿ ಎಲ್ಲರ ಮುಂದೆ ಬೈದಿದ್ದೆ, ಅದಕ್ಕೇ ಎಲ್ಲರ ಮುಂದೆಯೇ ಕ್ಷಮೆ ಕೇಳಿದೆ. ಸೋಮವಾರ ಬಸ್ ಓಡಿದರೆ ಬಾ, ನಿನ್ನ ಪೇಪರ್ ನನ್ನ ಹತ್ತಿರ ಇದೆ.